ಕೂಸಿಲ್ಲದ ಬಾಣಂತನ

ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಕೆಲವು ಮನೆಗಳಲ್ಲಿ ಬಿಡುವೇ ಸಿಗುವುದಿಲ್ಲ. ಮೊದಲ ಕೂಸು ಇನ್ನೂ ಎದೆಹಾಲು ಬಿಟ್ಟಿರುವುದಿಲ್ಲ, ಹೆರಿಗೆಯಾದ ಮೇಲೆ ತಾಯಿಗೆ ಒಮ್ಮೆಯೂ ಮುಟ್ಟಾಗಿರುವುದಿಲ್ಲ. ಅಷ್ಟರಲ್ಲೇ ಹೊಟ್ಟೆಯೊಳಗೆ ಇನ್ನೊಂದು ಕೂಸು ಮಿಸುಕಾಡುತ್ತಿರುತ್ತದೆ. ‘ಕಡೀಗೇ ಆಗಿಲ್ಲ, ಬಸರು ಹೆಂಗಾತು?’ ಎಂದು ಸೊಸೆ ಬೆರಗಾದರೆ ಅತ್ತೆ ನಗುತ್ತಾಳೆ. ಹಾಗೂ ಆಗುತ್ತದೆ ಎಂಬುದು ಅವಳಿಗೆ ಗೊತ್ತು. ಯಾಕೆ ಆಗುತ್ತದೆ ಎಂಬುದು ಗೊತ್ತಿಲ್ಲ.

ಈಗ ಇನ್ನೊಂದು ಮನೆಯನ್ನು ಊಹಿಸಿಕೊಳ್ಳಿ. ಊರು ಅಣ್ಣಿಗೇರಿಯ ಆಚೀಚೆ ಯಾವುದಾದರೂ ಆಗಲಿ. ಈ ಮನೆಯ ಸೊಸೆಗೆ ಇಪ್ಪತ್ತೆಂಟು ವರ್ಷ, ಒಂದು ಮಗುವಿದೆ. ಕಿಡ್ನಿ ಕೆಟ್ಟು ವಾರಕ್ಕೆರಡು ಸಲ ಡಯಾಲಿಸಿಸ್ಸಿಗೆ ಹುಬ್ಬಳ್ಳಿಗೆ ಹೋಗಿಬರುತ್ತಾಳೆ. ಮುಟ್ಟು ನಿಂತು ಎಂಟು ತಿಂಗಳಾಗಿದೆ. ಬಸಿರು ತಡೆಯುವ ಮಾತೆತ್ತಿದರೆ ಮನೆಯವರದು ಒಂದೇ ಉತ್ತರ: ‘ತಿಂಗಳಾನ ನಿಂತಾವ, ಇನ್ನ ಆಕೀಗೆ ಗುಳಿಗಿ, ವಂಕಿ ಯಾಕ ಬೇಕ್ರಿ?’

ಕೇಳಲು ಸರಿಯೆನಿಸುವ ಮಾತು. ಆದರೆ ಹಾಲೂಡುವ ಸೊಸೆಯನ್ನು ಬೆರಗಾಗಿಸಿದ ಕಾರಣವೇ ಈ ಸೊಸೆಯನ್ನೂ ಒಂದು ದಿನ ಅಪಾಯಕ್ಕೆ ನೂಕಬಹುದು. ಎರಡು ಮನೆಗಳ ನಡುವಿನ ನಂಟನ್ನು ಬಿಡಿಸುವುದೇ ಈ ಅಧ್ಯಾಯದ ಕೆಲಸ.

ಹಳ್ಳ ಮೊದಲು, ರಾಡಿ ಆಮೇಲೆ

ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳನ್ನು ಹಾದು ಮಲಪ್ರಭೆ ಸೇರುವ ಬೆಣ್ಣಿಹಳ್ಳದ ಗುಣ ಎರೆನಾಡಿನವರಿಗೆ ಗೊತ್ತು. ಬೇಸಿಗೆಯಲ್ಲಿ ಅದು ಹಳ್ಳವೋ ದಾರಿಯೋ ಎಂಬಂತೆ ಒಣಗಿ ಮಲಗಿರುತ್ತದೆ. ನವಲಗುಂದದಲ್ಲಿ ಹನಿ ಮಳೆ ಬೀಳದಿದ್ದರೂ ಮೇಲೆಲ್ಲೋ ಸುರಿದ ಮಳೆಗೆ ಒಂದು ರಾತ್ರಿಯಲ್ಲಿ ತುಂಬಿಬಂದು ಹೊಲ ನುಂಗುತ್ತದೆ. ನೀರಿಳಿದ ಮೇಲೆ ದಂಡೆಯ ಜಾಲಿಗಿಡಕ್ಕೆ ರಾಡಿಯ ಗುರುತು ಉಳಿಯುತ್ತದೆ. ರಾಡಿ ಕಂಡವರು ‘ಹಳ್ಳ ಬಂದಿತ್ತು’ ಎನ್ನುತ್ತಾರೆ. ‘ಬರುತ್ತದೆ’ ಎಂದು ಹೇಳಲು ರಾಡಿ ನೆರವಾಗುವುದಿಲ್ಲ.

ಮುಟ್ಟು ಆ ರಾಡಿಯಂತೆ. ಅಂಡಾಶಯದಿಂದ ಒಂದು ತತ್ತಿ ಹೊರಬೀಳುತ್ತದೆ. ಅದರ ಆಯುಷ್ಯ ಹೆಚ್ಚೆಂದರೆ ಒಂದು ದಿನ. ಅದು ಬಂದರೆ ಬೇಕಾದೀತೆಂದು ಗರ್ಭಕೋಶ ಒಳಗೋಡೆಗೆ ಮೆತ್ತನೆಯ ಹಾಸು ಹಾಸಿಕೊಂಡಿರುತ್ತದೆ. ಬಸಿರು ನಿಲ್ಲದಿದ್ದರೆ ಸುಮಾರು ಹದಿನಾಲ್ಕು ದಿನಗಳ ನಂತರ ಆ ಹಾಸು ಕಳಚಿ ರಕ್ತದ ಜೊತೆ ಹೊರಹೋಗುತ್ತದೆ. ನಾವು ಮುಟ್ಟು ಎಂದು ಎಣಿಸುವುದು ಈ ಕೊನೆಯ ಹಂತವನ್ನು. ಅದು ಆಗಿಹೋದ ಘಟನೆಯ ವರದಿ.

ಹಾಗಾಗಿ ಬಹುಕಾಲ ಒಣಗಿದ್ದ ಹಳ್ಳಕ್ಕೆ ಮೊದಲ ನೀರು ಬಂದಾಗ ಎಚ್ಚರಿಸಲು ಯಾವ ರಾಡಿಯೂ ಇರುವುದಿಲ್ಲ. ತತ್ತಿ ಮೊದಲು ಬರುತ್ತದೆ. ಅದೇ ಸಲ ಬಸಿರು ನಿಂತರೆ ಮುಟ್ಟು ಬರುವ ಮಾತೇ ಇಲ್ಲ. ಮುಟ್ಟೇ ಕಾಣದೆ ಬಸಿರಾದ ಬಾಣಂತಿಯ ಒಗಟು ಇಲ್ಲಿಗೆ ಬಿಡಿಸಿದಂತಾಯಿತು. ಆದರೆ ಹಾಲೂಡುವಾಗ ಹಳ್ಳ ಒಣಗಿದ್ದೇಕೆ? ಕಿಡ್ನಿ ಕೆಟ್ಟವಳಲ್ಲಿ ಒಣಗಿದ್ದೇಕೆ?

ತೆಗೆಯದೇ ಉಳಿದ ನೋಟಿಸು

ಕಿಡ್ನಿಯ ಕೆಲಸವೇನೆಂದರೆ ರಕ್ತ ಸೋಸುವುದು ಎನ್ನುತ್ತೇವೆ. ನಿಜ. ಒಂದೊಂದು ಕಿಡ್ನಿಯಲ್ಲೂ ಹತ್ತು ಲಕ್ಷದಷ್ಟು ಪುಟ್ಟ ಜರಡಿಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ನೀರು ಸೋಸಿ, ಬಹುಪಾಲನ್ನು ಮರಳಿ ರಕ್ತಕ್ಕೆ ಕೊಟ್ಟು, ಒಂದೂವರೆ ಎರಡು ಲೀಟರನ್ನಷ್ಟೇ ಮೂತ್ರವಾಗಿ ಹೊರಬಿಡುತ್ತವೆ. ಈ ಸೋಸುವಿಕೆ ಮೂರು ತಿಂಗಳಿಗೂ ಮೀರಿ ಕುಗ್ಗಿದರೆ, ಇಲ್ಲವೇ ಮೂತ್ರದಲ್ಲಿ ಪ್ರೋಟೀನು ಸೋರುವಂಥ ಕೆಡುಕಿನ ಗುರುತು ಅಷ್ಟು ಕಾಲ ಉಳಿದರೆ, ವೈದ್ಯರು ಅದನ್ನು ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎನ್ನುತ್ತಾರೆ.

ಆದರೆ ಕಿಡ್ನಿ ತೆಗೆದುಹಾಕುವುದು ಕಸವನ್ನಷ್ಟೇ ಅಲ್ಲ, ಕೆಲಸ ಮುಗಿದ ಸಂದೇಶಗಳನ್ನೂ. ನಮ್ಮ ದೇಹದ ಅಂಗಗಳು ಹಾರ್ಮೋನು ಎಂಬ ಚೀಟಿಗಳ ಮೂಲಕ ಮಾತಾಡಿಕೊಳ್ಳುತ್ತವೆ. ಪಂಚಾಯಿತಿಯ ನೋಟಿಸು ಬೋರ್ಡಿನಂತೆ ಇಲ್ಲೂ ಹೊಸ ಚೀಟಿ ಅಂಟಿಸುವವರಷ್ಟೇ ಹಳೆಯದನ್ನು ಕೀಳುವವರೂ ಮುಖ್ಯ. ಕೀಳುವ ಕೆಲಸದಲ್ಲಿ ಕಿಡ್ನಿಯ ಪಾಲು ದೊಡ್ಡದು. ಸಕ್ಕರೆ ಕಾಯಿಲೆಯವರ ಮನೆಗಳಲ್ಲಿ ಇದರ ಒಂದು ಮುಖ ಕಂಡಿರಬಹುದು. ಕಿಡ್ನಿ ಸೋಲುತ್ತಾ ಬಂದಂತೆ ಇನ್ಸುಲಿನ್ನಿನ ಅಗತ್ಯ ಕಡಿಮೆಯಾಗುತ್ತದೆ. ‘ಸಕ್ಕರಿ ತಾನಾಗೇ ಇಳೀತು’ ಎಂದು ಮನೆಯವರು ಸಂತೋಷಪಡುತ್ತಾರೆ. ಇಳಿದದ್ದು ಕಾಯಿಲೆಯಲ್ಲ. ಕೊಟ್ಟ ಇನ್ಸುಲಿನ್ನನ್ನು ತೆರವು ಮಾಡಬೇಕಾದ ಕಿಡ್ನಿ ಕೈಚೆಲ್ಲಿದೆ, ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತಿದೆ.

ಹೀಗೆ ಉಳಿದುಹೋಗುವ ಇನ್ನೊಂದು ಚೀಟಿ ಪ್ರೊಲ್ಯಾಕ್ಟಿನ್. ಇದನ್ನು ಹಾಲುಚೀಟಿ ಎಂದು ಕರೆಯೋಣ. ಮಿದುಳಿನ ಬುಡದಲ್ಲಿರುವ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಇದನ್ನು ಬರೆಯುತ್ತದೆ. ಕೂಸು ಮೊಲೆ ಚೀಪಿದಾಗಲೆಲ್ಲ ಈ ಚೀಟಿ ಹೆಚ್ಚುತ್ತದೆ, ಹಾಲು ಉತ್ಪತ್ತಿಯಾಗುತ್ತದೆ. ಜೊತೆಗೆ ಅದು ಮಿದುಳಿಗೆ ಇನ್ನೊಂದು ಮಾತನ್ನೂ ತಲುಪಿಸುತ್ತದೆ: ‘ಮಡಿಲಲ್ಲಿ ಕೂಸಿದೆ, ಸದ್ಯಕ್ಕೆ ಇನ್ನೊಂದು ಬೇಡ.’ ಬಾಣಂತಿಯ ಮುಟ್ಟು ತಡವಾಗಲು ಇದೊಂದು ಮುಖ್ಯ ಕಾರಣ.

ಕಿಡ್ನಿ ಕೆಟ್ಟವಳಲ್ಲಿ ಹಾಲುಚೀಟಿಯನ್ನು ಕೀಳುವವರಿಲ್ಲ. ಅದರ ಬರವಣಿಗೆಗೆ ಕಡಿವಾಣ ಹಾಕುವ ಮಿದುಳಿನ ಹಿಡಿತವೂ ಸಡಿಲವಾಗಿರುತ್ತದೆ. ವಾಂತಿ ತಡೆಯಲು ಕೊಡುವ ಮೆಟೊಕ್ಲೊಪ್ರಮೈಡ್‌ನಂಥ ಗುಳಿಗೆಗಳು ಅದನ್ನು ಇನ್ನಷ್ಟು ಏರಿಸಬಲ್ಲವು. ಮಡಿಲಲ್ಲಿ ಕೂಸಿಲ್ಲದಿದ್ದರೂ ಇದೆಯೆಂದೇ ಮಿದುಳು ನಂಬುತ್ತದೆ. ದೇಹ ಕೂಸಿಲ್ಲದ ಬಾಣಂತನ ಮಾಡತೊಡಗುತ್ತದೆ.

ಠೇಕಾ ತಪ್ಪಿದರೂ ಕಂಠ ಹೋಗಿಲ್ಲ

ಮಿದುಳು ಈ ನಂಬಿಕೆಯಿಂದ ಮಾಡುವುದೇನು? ಸವಾಯಿ ಗಂಧರ್ವರ ಊರಾದ ಕುಂದಗೋಳದಲ್ಲಿ ರಾತ್ರಿಯಿಡೀ ಸಂಗೀತ ಕೇಳಿದವರಿಗೆ ಹೇಳುವುದು ಸುಲಭ. ತಬಲಾದ ಠೇಕಾ ಸರಿಯಾಗಿ ಸಾಗಿದರೆ ಗಾಯಕ ಎಷ್ಟೇ ಸುತ್ತಿ ಬಂದರೂ ‘ಸಮ್’ಗೆ ಸರಿಯಾಗಿ ಬಂದಿಳಿಯುತ್ತಾನೆ. ಠೇಕಾ ಎಡವಿದರೆ ಎಂಥ ಕಂಠವೂ ಸಮ್ ಹಿಡಿಯಲಾರದು.

ಹೆಣ್ಣಿನ ಮಿದುಳಿನಲ್ಲೂ ಒಂದು ಠೇಕಾ ಇದೆ. ತಿಂಗಳ ಮೊದಲ ಅರ್ಧದಲ್ಲಿ ಗಂಟೆ ಒಂದೂವರೆ ಗಂಟೆಗೊಮ್ಮೆ ಅದು ಪಿಟ್ಯುಟರಿಗೆ ಒಂದು ಮಿಡಿತ ಕಳಿಸುತ್ತದೆ. ಮಿಡಿತಗಳು ಸರಿಯಾಗಿದ್ದರೆ ಅಂಡಾಶಯದಲ್ಲಿ ತತ್ತಿ ಬಲಿಯುತ್ತದೆ. ತಿಂಗಳ ನಡುವೆ ಪಿಟ್ಯುಟರಿಯಿಂದ ಒಂದು ದೊಡ್ಡ ಅಲೆ ಎದ್ದು ತತ್ತಿಯನ್ನು ಹೊರಗೆ ತಳ್ಳುತ್ತದೆ. ಅದೇ ಇಲ್ಲಿನ ಸಮ್. ಹಾಲುಚೀಟಿ ಹೆಚ್ಚಾದಾಗ ಮಿಡಿತಗಳು ಮಂದವಾಗುತ್ತವೆ. ರಕ್ತದಲ್ಲಿ ಸೇರಿದ ಕಶ್ಮಲ, ರಕ್ತಹೀನತೆ, ಊಟ ಸೇರದಿರುವುದು ಎಲ್ಲ ಕೂಡಿ ತಾಳ ಕೆಡಿಸುತ್ತವೆ. ದೊಡ್ಡ ಅಲೆ ಏಳುವುದಿಲ್ಲ. ಹಲವರಿಗೆ ಮುಟ್ಟು ತಪ್ಪುತ್ತದೆ. ಇನ್ನು ಕೆಲವರಿಗೆ ತತ್ತಿ ಹೊರಬೀಳದಿದ್ದರೂ ಗರ್ಭಕೋಶದ ಹಾಸು ದಪ್ಪಗಾಗಿ ಅಡ್ಡಾದಿಡ್ಡಿ ರಕ್ತ ಹೋಗುತ್ತದೆ.

ಇಷ್ಟೆಲ್ಲದರ ನಡುವೆ ಅಂಡಾಶಯದಲ್ಲಿ ತತ್ತಿಗಳು ಇದ್ದೇ ಇರುತ್ತವೆ. ಗಾಯಕನ ಕಂಠ ಹೋಗಿಲ್ಲ, ಠೇಕಾ ಕೆಟ್ಟಿದೆ ಅಷ್ಟೆ. ನಡುವೆ ಎಂದಾದರೂ ನಾಲ್ಕು ಆವರ್ತನ ತಾಳ ಸರಿಯಾಗಿ ಬಿದ್ದರೆ ಒಂದು ತತ್ತಿ ಹೊರಬೀಳಬಹುದು. ಮುಟ್ಟು ನಿಂತು ಎಂಟು ತಿಂಗಳಾಗಿದೆ ಎಂಬ ಲೆಕ್ಕ ಮುಂದಿನ ವಾರದ ಬಗ್ಗೆ ಏನನ್ನೂ ಹೇಳದು.

ಮೇಲೆಲ್ಲೋ ಮಳೆಯಾದಾಗ

ಹೀಗೂ ಆಗುತ್ತದೆ ಎಂದು ಜಗತ್ತಿಗೆ ತಿಳಿದು ಬಹಳ ಕಾಲವಾಯಿತು. ಡಯಾಲಿಸಿಸ್ಸಿನ ಮೇಲಿದ್ದ ಮಹಿಳೆಗೆ ಮಗು ಹುಟ್ಟಿದ ಮೊದಲ ವರದಿ ಇಟಲಿಯಿಂದ 1971ರಲ್ಲಿ ಬಂತು. ಕಸಿಯ ಕಥೆ ಇನ್ನೂ ಹಳೆಯದು. ಅಮೆರಿಕದ ಎಡಿತ್ ಹೆಲ್ಮ್ ಎಂಬ ಯುವತಿ 1956ರಲ್ಲಿ ತನ್ನ ಅವಳಿ ಸೋದರಿಯಿಂದ ಕಿಡ್ನಿ ಪಡೆದಳು. ಬಾಸ್ಟನ್ನಿನಲ್ಲಿ ಆ ಶಸ್ತ್ರಚಿಕಿತ್ಸೆ ಮಾಡಿದ ಜೋಸೆಫ್ ಮರ‍್ರೆ ಅದಕ್ಕೆ ಎರಡು ವರ್ಷ ಮುಂಚೆ ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ಮಾಡಿದ್ದವರು. 1958ರಲ್ಲಿ ಎಡಿತ್ ಗಂಡುಮಗುವಿಗೆ ತಾಯಿಯಾದಳು. ಆ ಕಿಡ್ನಿಯೊಂದಿಗೇ ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿದಳು.

ಕಸಿಯಾದೊಡನೆ ಏನಾಗುತ್ತದೆ ಎಂದು ಈಗ ನೀವೇ ಊಹಿಸಬಹುದು. ಹೊಸ ಕಿಡ್ನಿ ಬೋರ್ಡಿನ ಮೇಲಿನ ಹಳೆಯ ಚೀಟಿಗಳನ್ನು ಸರಸರನೆ ಕೀಳುತ್ತದೆ. ಹಾಲುಚೀಟಿ ಇಳಿಯುತ್ತದೆ, ಠೇಕಾ ಮರಳುತ್ತದೆ. ವರ್ಷಗಟ್ಟಲೆ ಮುಟ್ಟು ಕಾಣದವಳಲ್ಲೂ ಒಂದೆರಡು ತಿಂಗಳೊಳಗೆ ತತ್ತಿ ಹೊರಬೀಳಬಹುದು. ಹೊಲಿಗೆ ಮಾಗುವಷ್ಟರಲ್ಲೇ ಹಳ್ಳ ತುಂಬಿರಬಹುದು. ಕಸಿಯಾದ ಮೇಲೆ ಕನಿಷ್ಠ ಒಂದು ವರ್ಷವಾದರೂ ಬಸಿರು ಬೇಡ ಎಂದು ವೈದ್ಯರು ಹೇಳುವುದು ಸರಿಯಾಗಿ ಇದೇ ಕಾಲಕ್ಕೆ. ಡಯಾಲಿಸಿಸ್ಸಿನ ಹೊತ್ತು ಹೆಚ್ಚಿಸಿದಾಗ, ರಕ್ತಹೀನತೆ ನೀಗಿದಾಗಲೂ ಸಣ್ಣ ಪ್ರಮಾಣದಲ್ಲಿ ಇದೇ ಆಗಬಲ್ಲದು. ಆಕೆ ಸುಧಾರಿಸಿಕೊಂಡಳು ಎಂದು ಮನೆಯವರು ನಿಟ್ಟುಸಿರು ಬಿಡುವ ದಿನಗಳೇ ಹೆಚ್ಚು ಎಚ್ಚರ ಬೇಡುವ ದಿನಗಳು.

ಇನ್ನೊಂದು ತೊಡಕೂ ಇದೆ. ವಾಕರಿಕೆ, ಸುಸ್ತು, ಮುಟ್ಟಿಲ್ಲದಿರುವುದು ಬಸಿರಿನ ಗುರುತುಗಳೂ ಹೌದು, ಕಿಡ್ನಿ ಕಾಯಿಲೆಯ ಗುರುತುಗಳೂ ಹೌದು. ಆಶಾ ಕಾರ್ಯಕರ್ತೆ ಕೊಡುವ ‘ನಿಶ್ಚಯ್’ ಕಿಟ್ಟಿಗೆ ಮೂತ್ರ ಬೇಕು. ಡಯಾಲಿಸಿಸ್ಸಿನ ಹಲವರಿಗೆ ಮೂತ್ರವೇ ಆಗುವುದಿಲ್ಲ. ರಕ್ತದಲ್ಲಿ ನೋಡೋಣವೆಂದರೆ ಬಸಿರು ತೋರಿಸುವ ಹಾರ್ಮೋನು ಕೂಡ ತೆರವಾಗದೆ ಉಳಿದು, ಬಸಿರಿಲ್ಲದಿದ್ದರೂ ತುಸು ಏರಿರಬಹುದು. ಸಂಶಯ ಬಂದರೆ ಸ್ಕ್ಯಾನಿಂಗ್ ಮಾಡಿಸಿಯೇ ನೋಡಬೇಕು. ಹಲವರಲ್ಲಿ ಬಸಿರು ಪತ್ತೆಯಾಗುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ.

ಬಸಿರು ಹೊರುವ ಕಿಡ್ನಿ

ತಡವಾಗಿ ತಿಳಿದರೇನು ತೊಂದರೆ? ಬಸಿರಿನಲ್ಲಿ ಆರೋಗ್ಯವಂತ ಕಿಡ್ನಿ ತನ್ನ ಕೆಲಸವನ್ನು ಅರ್ಧದಷ್ಟು ಹೆಚ್ಚಿಸಿಕೊಳ್ಳುತ್ತದೆ. ಹತ್ತು ಚೀಲ ಹೇರುತ್ತಿದ್ದ ಚಕ್ಕಡಿಗೆ ಹದಿನೈದು ಚೀಲ ಹೇರಿದಂತೆ. ಗಟ್ಟಿ ಎತ್ತುಗಳು ಎಳೆಯುತ್ತವೆ. ಆಗಲೇ ಕುಂಟುತ್ತಿರುವ ಎತ್ತು ದಾರಿಯಲ್ಲೇ ಕುಸಿಯಬಹುದು. ರಕ್ತದೊತ್ತಡ ಏರಿ ನಂಜು ಕಾಣಿಸಿಕೊಳ್ಳುವುದು, ದಿನ ತುಂಬುವ ಮುಂಚೆ ಹೆರಿಗೆ, ಕಡಿಮೆ ತೂಕದ ಕೂಸು, ಅಳಿದುಳಿದ ಕಿಡ್ನಿಯೂ ಬೇಗ ಸೋಲುವುದು: ಕಾಯಿಲೆ ಮುಂದುವರಿದಷ್ಟೂ ಇವುಗಳ ಸಾಧ್ಯತೆ ಹೆಚ್ಚು. ಡಯಾಲಿಸಿಸ್ಸಿನಲ್ಲಿ ಬಸಿರಾದವಳ ಮಗು ಉಳಿಯಬೇಕಾದರೆ ವಾರಕ್ಕೆ 36 ಗಂಟೆಯಾದರೂ ಡಯಾಲಿಸಿಸ್ ಬೇಕೆನ್ನುತ್ತಾರೆ ತಜ್ಞರು. ನಾಲ್ಕು ಗಂಟೆಯಂತೆ ವಾರಕ್ಕೆ ಎರಡು ಮೂರು ಸಲ ಮಾಡಿಸಿಕೊಳ್ಳುವವಳ ಲೆಕ್ಕ ಎಂಟರಿಂದ ಹನ್ನೆರಡು ಗಂಟೆ.

ಜೊತೆಗೆ ಔಷಧಿಗಳಿವೆ. ಎನಲಾಪ್ರಿಲ್, ರಾಮಿಪ್ರಿಲ್, ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಎಂಬ ಬಿಪಿ ಗುಳಿಗೆಗಳು ತಾಯಿಯ ಕಿಡ್ನಿಯನ್ನು ಕಾಯುತ್ತವೆ. ಆದರೆ ಬಸಿರಿನ ಮೂರು ತಿಂಗಳು ದಾಟಿದ ಮೇಲೂ ಮುಂದುವರಿದರೆ ಒಳಗಿನ ಕೂಸಿನ ಕಿಡ್ನಿಯನ್ನೇ ಕೆಡಿಸಬಲ್ಲವು. ಕಸಿಯಾದವರು ನುಂಗುವ ಮೈಕೊಫಿನೊಲೇಟ್ ಗರ್ಭಪಾತಕ್ಕೂ ಕೂಸಿನ ಕಿವಿ ತುಟಿಗಳ ಊನಕ್ಕೂ ಕಾರಣವಾಗುತ್ತದೆ. ಬಸಿರು ಬೇಕೆಂದರೆ ಕನಿಷ್ಠ ಆರು ವಾರ ಮುಂಚೆ ವೈದ್ಯರು ಅದನ್ನು ಬದಲಿಸಬೇಕು. ಇವನ್ನು ತಾವಾಗಿ ನಿಲ್ಲಿಸುವುದೂ ಅಷ್ಟೇ ಅಪಾಯ. ಆದ್ದರಿಂದ ಈ ಗುಳಿಗೆಗಳು ಡಬ್ಬಿಯಲ್ಲಿರುವಷ್ಟು ದಿನವೂ ಬಸಿರು ತಡೆಯುವ ಉಪಾಯವೊಂದು ಜೊತೆಗಿರಬೇಕು.

ಕಿಡ್ನಿ ಕಾಯಿಲೆಯವಳು ತಾಯಿಯಾಗಲೇಬಾರದೆಂದು ಇದರ ಅರ್ಥವಲ್ಲ. ಕಾಯಿಲೆ ಆರಂಭದ ಹಂತದಲ್ಲಿದ್ದು ಬಿಪಿ ಹಿಡಿತದಲ್ಲಿದ್ದಾಗ, ಅಥವಾ ಕಸಿ ಚೆನ್ನಾಗಿ ಕೂಡಿಕೊಂಡ ಮೇಲೆ, ಕೇಳಿ ಯೋಜಿಸಿ ಬಸಿರಾದ ಎಷ್ಟೋ ಜನ ಕುಬಸ ಮಾಡಿಸಿಕೊಂಡಿದ್ದಾರೆ, ಮಗು ಎತ್ತಿಕೊಂಡಿದ್ದಾರೆ. ದಿನ ಆರಿಸುವ ಅವಕಾಶವನ್ನು ಅವಳಿಗೆ ಉಳಿಸಿಕೊಡುವುದೇ ಗರ್ಭನಿರೋಧಕದ ಕೆಲಸ.

ಆಶಾ ಚೀಲದೊಳಗೆ

ಹಾಗಾದರೆ ಯಾವುದು ಸರಿ? ಹಳ್ಳಿಯ ಹೆಣ್ಣುಮಗಳಿಗೆ ಸುಲಭವಾಗಿ ಪುಕ್ಕಟೆ ಸಿಗುವುದು ‘ಮಾಲಾ-ಎನ್’. ಅದರ ಪಟ್ಟಿಯಲ್ಲಿ 28 ಗುಳಿಗೆ: 21ರಲ್ಲಿ ಹಾರ್ಮೋನು, ಏಳರಲ್ಲಿ ಕಬ್ಬಿಣ. ಆರೋಗ್ಯವಂತರಿಗೆ ಒಳ್ಳೆಯದೇ. ತೊಡಕಿರುವುದು ಅದರಲ್ಲಿನ ಈಸ್ಟ್ರೊಜನ್‌ನಲ್ಲಿ.

ನುಂಗಿದ ಈಸ್ಟ್ರೊಜನ್ ಮೊದಲು ಹೋಗುವುದು ಯಕೃತ್ತಿಗೆ. ಅಲ್ಲಿ ಅದು ಒಂದು ಪ್ರೋಟೀನಿನ ಉತ್ಪಾದನೆ ಹೆಚ್ಚಿಸುತ್ತದೆ. ಆ ಪ್ರೋಟೀನನ್ನು ಬಟ್ಟೆಯ ಥಾನು ಎಂದುಕೊಳ್ಳಿ. ಕತ್ತರಿ ಇರುವುದು ಕಿಡ್ನಿಯ ಕೈಯಲ್ಲಿ, ಅದರ ಹೆಸರು ರೆನಿನ್. ಕತ್ತರಿ ಥಾನನ್ನು ಕತ್ತರಿಸುತ್ತದೆ. ಕೊನೆಗೆ ಸಿಗುವ ತುಂಡು ರಕ್ತನಾಳಗಳನ್ನು ಬಿಗಿದು ಉಪ್ಪು ಹಿಡಿದಿಟ್ಟು ಬಿಪಿ ಏರಿಸುತ್ತದೆ. ಗಾಯಗೊಂಡ ಕಿಡ್ನಿ ಹಲವು ಸಲ ಕತ್ತರಿಯನ್ನು ಅತಿಯಾಗಿ ಆಡಿಸುತ್ತಿರುತ್ತದೆ. ಅದರ ಮುಂದೆ ಇನ್ನಷ್ಟು ಬಟ್ಟೆ ಹಾಸಿದರೆ ಬಿಪಿ ಏರದೆ ಏನಾದೀತು? ಏರಿದ ಬಿಪಿ ಉಳಿದ ಜರಡಿಗಳನ್ನೂ ಹರಿಯುತ್ತದೆ. ಈಸ್ಟ್ರೊಜನ್ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನೂ ಹೆಚ್ಚಿಸುತ್ತದೆ. ಮೂತ್ರದಲ್ಲಿ ಪ್ರೋಟೀನು ಸೋರುವ ಕಾಯಿಲೆಯಲ್ಲಾದರೋ ಹೆಪ್ಪು ತಡೆಯುವ ಪ್ರೋಟೀನೂ ಸೋರಿಹೋಗಿರುತ್ತದೆ. ಹೀಗಾಗಿ ಬಿಪಿ ಇದ್ದವರಿಗೆ, ಪ್ರೋಟೀನು ವಿಪರೀತ ಸೋರುವವರಿಗೆ, ಡಯಾಲಿಸಿಸ್ಸಿನವರಿಗೆ ಈ ಪಟ್ಟಿ ಬೇಡ.

ವಾರಕ್ಕೊಮ್ಮೆಯ ‘ಛಾಯಾ’ದಲ್ಲಿ ಈಸ್ಟ್ರೊಜನ್ ಇಲ್ಲ, ಅದು ಲಖನೌದ ಪ್ರಯೋಗಾಲಯದಲ್ಲಿ ಹುಟ್ಟಿದ ನಮ್ಮದೇ ಗುಳಿಗೆ. ಆದರೆ ಇದನ್ನು ಕೊಡಬಾರದವರ ಪಟ್ಟಿಯಲ್ಲಿ ಕಿಡ್ನಿ ಕಾಯಿಲೆಯವರನ್ನು ಸರ್ಕಾರದ ಮಾರ್ಗದರ್ಶಿಯೇ ಸೇರಿಸಿದೆ. ಮೂರು ತಿಂಗಳಿಗೊಮ್ಮೆಯ ‘ಅಂತರಾ’ ಚುಚ್ಚುಮದ್ದು ಹೆಪ್ಪಿನ ದೃಷ್ಟಿಯಿಂದ ಮಾಲಾ-ಎನ್‌ಗಿಂತ ಮೇಲು. ಆದರೂ ಮೂಳೆ ತೆಳುವಾಗಿಸುವ ಗುಣ ಅದಕ್ಕಿದೆ, ಕಿಡ್ನಿ ಕೆಟ್ಟವರ ಮೂಳೆ ಮೊದಲೇ ಸಡಿಲ. ಪೇಟೆಯಲ್ಲಿ ಸಿಗುವ ಡ್ರೋಸ್ಪಿರಿನೋನ್ ಗುಳಿಗೆಗಳು ರಕ್ತದ ಪೊಟ್ಯಾಸಿಯಂ ಏರಿಸಬಲ್ಲವು. ಎಳನೀರು, ಬಾಳೆಹಣ್ಣನ್ನೂ ಅಳೆದು ತಿನ್ನುವವಳಿಗೆ ಅದು ಸಲ್ಲದು.

ಉಳಿದದ್ದರಲ್ಲಿ ಮುಂದೆ ನಿಲ್ಲುವುದು ಹಳಬರು ವಂಕಿ ಎನ್ನುವ ಕಾಪರ್-ಟಿ. ಅದಕ್ಕೆ ರಕ್ತದ ಜೊತೆ ವ್ಯವಹಾರವಿಲ್ಲ, ಕಿಡ್ನಿಯ ಹಂಗಿಲ್ಲ. 380ಎ ಎಂಬ ಬಗೆ ಹತ್ತು ವರ್ಷ ಬಾಳುತ್ತದೆ. ಕಸಿಯಾದವರಿಗೆ ಸೋಂಕು ತಗಲೀತೆಂಬ ಹಳೆಯ ಅಂಜಿಕೆ ಈಗ ಬಹಳ ಮಟ್ಟಿಗೆ ಕರಗಿದೆ. ಮುಖ್ಯ ಕೊರತೆಯೆಂದರೆ ಮುಟ್ಟಿನ ಸ್ರಾವ ಹೆಚ್ಚಬಹುದು. ರಕ್ತ ಕಡಿಮೆಯಿರುವವರಿಗೆ ಹಾರ್ಮೋನು ಸವರಿದ ವಂಕಿ ವಾಸಿ, ಅದು ಸ್ರಾವವನ್ನೇ ತಗ್ಗಿಸುತ್ತದೆ. ಬೆಲೆ ಮಾತ್ರ ಹೆಚ್ಚು. ತೋಳಿನ ಚರ್ಮದಡಿ ಇಡುವ ಕಡ್ಡಿಯೂ ಒಂದು ದಾರಿ. ನಿರೋಧ್ ಎಲ್ಲರಿಗೂ ಸಲ್ಲುತ್ತದೆ, ಗಂಡನ ಶಿಸ್ತಿನ ಮೇಲೆ ನಿಂತಿದೆ.

ಕೊನೆಗೆ ‘ಆಪರೇಷನ್’. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಹೆಣ್ಣುಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಜನ ಅದನ್ನು ಮಾಡಿಸಿಕೊಂಡವರು. ಗಂಡಸರ ಲೆಕ್ಕ ನೂರಕ್ಕೆ ಒಂದೂ ಇಲ್ಲ. ಕಿಡ್ನಿ ಕೆಟ್ಟು ರಕ್ತ ಕಡಿಮೆಯಾಗಿ ಬಿಪಿ ಏರಿದ ಹೆಣ್ಣನ್ನು ಮೇಜಿನ ಮೇಲೆ ಮಲಗಿಸುವುದು ಸಣ್ಣ ಮಾತಲ್ಲ. ಇನ್ನು ಮಕ್ಕಳು ಸಾಕು ಎಂದು ಇಬ್ಬರೂ ನಿರ್ಧರಿಸಿದ್ದರೆ, ಗಟ್ಟಿಯಾಗಿರುವ ಗಂಡನಿಗೆ ಕತ್ತಿಯಿಲ್ಲದೆ ಕೆಲವೇ ನಿಮಿಷದಲ್ಲಿ ಮುಗಿಯುವ ಶಸ್ತ್ರಕ್ರಿಯೆ ಇದೆ. ಅದು ಪೂರ್ತಿ ಕೈಗೂಡಲು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಬೇರೆ ಉಪಾಯವಿರಲಿ.

ನೀರಿಲ್ಲದ ದಿನಗಳ ಸೇತುವೆ

ಇಷ್ಟು ದಾರಿಗಳಿದ್ದೂ ಬಳಕೆ ಎಷ್ಟು? ಅಮೆರಿಕದ ದಾಖಲೆಗಳನ್ನು ಜಾಲಾಡಿದ ಅಧ್ಯಯನವೊಂದರಲ್ಲಿ, ಡಯಾಲಿಸಿಸ್ಸಿನಲ್ಲಿದ್ದ ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಗರ್ಭನಿರೋಧಕ ಬಳಸುತ್ತಿದ್ದವರು ನೂರಕ್ಕೆ ಐದರಷ್ಟು. ಯಾರಿಗೆ ಯಾವ ಗರ್ಭನಿರೋಧಕ ಎಂದು ಹೇಳುವ ಆ ದೇಶದ ಸರ್ಕಾರಿ ಪಟ್ಟಿಗೆ ಕಿಡ್ನಿ ಕಾಯಿಲೆ ಸೇರಿದ್ದೇ 2024ರಲ್ಲಿ. ಅಲ್ಲೇ ಹೀಗಿರುವಾಗ ನಮ್ಮಲ್ಲಿ ಈ ಮಾತು ಯಾರ ಬಾಯಿಂದ ಬರಬೇಕು? ಕಿಡ್ನಿ ವೈದ್ಯರು ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡುತ್ತಾರೆ, ಮುಟ್ಟಿನ ಮಾತು ಹೆರಿಗೆ ಡಾಕ್ಟರದು ಎಂದುಕೊಳ್ಳುತ್ತಾರೆ. ಆಶಾ ಕಾರ್ಯಕರ್ತೆ ಮನೆಮನೆಯ ಲೆಕ್ಕ ಬರೆಯುವಾಗ, ಮುಟ್ಟು ನಿಂತ ಡಯಾಲಿಸಿಸ್ಸಿನವಳು ಬಸಿರಾಗಬಹುದಾದವರ ಸಾಲಿನಿಂದ ಜಾರಿಹೋಗುತ್ತಾಳೆ. ಗಂಡ, ಮಾವ ಜೊತೆಗಿದ್ದಾಗ ಆಕೆಯಂತೂ ಬಾಯಿ ಬಿಡುವುದಿಲ್ಲ.

ಅವಳು ವಾರಕ್ಕೆರಡು ಸಲ ನಾಲ್ಕು ಗಂಟೆ ಒಂದೇ ಕಡೆ ಸೂಜಿ ಚುಚ್ಚಿಕೊಂಡು ಮಲಗಿರುತ್ತಾಳೆ. ಸಿಸ್ಟರು ಪಕ್ಕದಲ್ಲೇ ಓಡಾಡುತ್ತಿರುತ್ತಾರೆ. ಆ ನಾಲ್ಕು ಗಂಟೆಯಲ್ಲಿ ಯಾರಾದರೂ ಮೆಲ್ಲಗೆ ಒಂದು ಪ್ರಶ್ನೆ ಕೇಳಬಹುದು. ‘ಮುಟ್ಟು ಯಾವಾಗ ಆಗಿತ್ತು’ ಎಂದು ಬೇಡ, ಆ ವರದಿಯ ಬೆಲೆ ನಮಗೀಗ ಗೊತ್ತು. ‘ಇನ್ನೊಂದು ಕೂಸು ಬೇಕೇನವ್ವ? ಬೇಕಾದರೆ ಯಾವಾಗ?’ ಎಂದು ಕೇಳಲಿ. ಉತ್ತರ ‘ಈಗ ಬೇಡ’ ಎಂದಾದರೆ, ಮುಟ್ಟು ಮರಳಲೆಂದು ಕಾಯಬೇಕಿಲ್ಲ. ಬೆಣ್ಣಿಹಳ್ಳಕ್ಕೆ ಸೇತುವೆ ಕಟ್ಟುವುದೂ ಅದು ಒಣಗಿದ ದಿನಗಳಲ್ಲೇ.